ವೆಸ್ಪಾ ಸ್ಕೂಟರ್ ಮಾಡಿದವನು ಮೊದಲು ಹೆಲಿಕಾಪ್ಟರ್ ಹಾರಿಸಿದ್ದ

ಹೆಲಿಕಾಪ್ಟರ್ ಕಂಡುಹಿಡಿದವರು ಯಾರು ಅಂತ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರನ್ನು ಕೇಳಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ, ಇಗೊರ್ ಸಿಕೋರ್ಸ್ಕಿ, 1939 ಅಂತ. ಜನರಲ್ ನಾಲೆಜ್ ಪುಸ್ತಕದಲ್ಲಿ ಹಾಗೇ ಇದೆ. ಬರೆದರೆ ಒಂದು ಮಾರ್ಕ್ಸ್ ಬರುತ್ತದೆ, ತಗೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಅದಕ್ಕೂ ಮೂರು ವರ್ಷ ಮೊದಲೇ ಜರ್ಮನಿಯಲ್ಲಿ ಒಂದು ಹೆಲಿಕಾಪ್ಟರ್ ಚೆನ್ನಾಗಿಯೇ ಹಾರಾಡುತ್ತಿತ್ತು. ಅದಕ್ಕೂ ಆರು ವರ್ಷ ಹಿಂದೆ ಇಟಲಿಯಲ್ಲಿ ಒಂದು ಹಾರಿತ್ತು. 1907ರಲ್ಲೇ ಫ್ರಾನ್ಸಿನ ಒಬ್ಬ ಸೈಕಲ್ ಅಂಗಡಿಯವ ನೆಲ ಬಿಟ್ಟು ಒಂದು ಅಡಿ ಎದ್ದಿದ್ದ ಅಂತ ದಾಖಲೆ ಇದೆ. ಹಾಗಾದರೆ ಸಿಕೋರ್ಸ್ಕಿ ಮಾಡಿದ್ದೇನು? ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತಿದ್ದು. ನಡುವೆ ನಮ್ಮ ಮನೆಯ ಹಳೇ ಸ್ಕೂಟರೂ ಬರುತ್ತದೆ, ಅದಕ್ಕೆ ಕಾರಣ ಇದೆ.

ನಮ್ಮ ಕಲಬುರಗಿ ಸೀಮೆಯಲ್ಲಿ ಹೆಲಿಕಾಪ್ಟರ್ ಬಂತು ಅಂದರೆ ಒಂದೋ ಎಲೆಕ್ಷನ್ ಬಂದಿದೆ, ಇಲ್ಲಾ ಭೀಮಾ ನದಿಗೋ ಕೃಷ್ಣೆಗೋ ನೆರೆ ಬಂದಿದೆ ಅಂತ ಅರ್ಥ. ಎಲೆಕ್ಷನ್‌ದೇ ಜಾಸ್ತಿ. ಸಾಲಿ ಮೈದಾನವನ್ನು ಸಮ ಮಾಡಿ, ಸುಣ್ಣದಲ್ಲಿ ದೊಡ್ಡ ವೃತ್ತ ಎಳೆದು, ನಡುವೆ 'ಎಚ್' ಬರೆದು, ಟ್ಯಾಂಕರ್ ತರಿಸಿ ನೀರು ಹೊಡೆಸುತ್ತಾರೆ. ನೀರು ಹೊಡೆಯದಿದ್ದರೆ ಎರೆ ಮಣ್ಣಿನ ಧೂಳು ಪೈಲಟ್ ಕಣ್ಣಿಗೆ ಪರದೆ ಕಟ್ಟಿಬಿಡುತ್ತದೆ. ಹಗ್ಗದ ಆಚೆ ಜನ, ಕಾಂಪೌಂಡ್ ಮೇಲೆ ಹುಡುಗರು, ಬೇವಿನ ಮರದ ಮೇಲೂ ಹುಡುಗರು. ಚಿಕ್ಕವನಿದ್ದಾಗ ಕಾಕಾನ ಜೊತೆ ಹೋಗಿ ನಿಂತಿದ್ದೆ. ಮೊದಲು ಸದ್ದು ಬರುತ್ತದೆ, ಎದೆಯೊಳಗೆ ಬಡಿಯುವಂಥ ಸದ್ದು. ಆಮೇಲೆ ಗಾಳಿ. ಕಾಕಾನ ಹೆಗಲ ಮೇಲಿನ ದಸ್ತಿ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ, ಹಿರಿಯರೆಲ್ಲ ಎರಡೂ ಕೈಯಲ್ಲಿ ರುಮಾಲು ಹಿಡಿದು ಕುಕ್ಕರಗಾಲಲ್ಲಿ ಕೂತುಬಿಟ್ಟರು. ಒಳಗಿಂದ ಇಳಿದ ಸಾಹೇಬರು ಯಾರು ಅಂತ ನನಗೆ ಈಗ ನೆನಪಿಲ್ಲ.

ಆ ಗಾಳಿಯೇ ಹೆಲಿಕಾಪ್ಟರಿನ ಗುಟ್ಟು. ಅದು ಮೇಲೆ ನಿಲ್ಲಬೇಕಾದರೆ ತನ್ನ ತೂಕಕ್ಕೆ ತಕ್ಕಷ್ಟು ಗಾಳಿಯನ್ನು ಒಂದೇ ಸಮನೆ ಕೆಳಕ್ಕೆ ನೂಕುತ್ತಲೇ ಇರಬೇಕು. ನಮ್ಮ ಎಚ್‌ಎಎಲ್‌ನ ಚೇತಕ್ ಹೆಲಿಕಾಪ್ಟರ್ ಚಿಕ್ಕದೇ, ಆದರೂ ಪೂರ್ತಿ ತುಂಬಿದಾಗ 2,200 ಕಿಲೊ ತೂಗುತ್ತದೆ. 11 ಮೀಟರ್ ಅಗಲದ ಪಂಕ ಅಷ್ಟು ತೂಕವನ್ನು ಬರೀ ಗಾಳಿ ನೂಕಿ ಹೊರುತ್ತದೆ. ಹಾಗಾಗಿ ಕೆಳಗೆ ಸಡಿಲವಾಗಿ ಇದ್ದದ್ದೆಲ್ಲ ಏಳಲೇಬೇಕು. 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ಮೇಲೆದ್ದು ಬಂದವಲ್ಲ, ಆ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಪೈಲಟ್ ಇಳಿಸದೆ ಮತ್ತೆ ಮೇಲಕ್ಕೆ ಎತ್ತಿದರು, ಜಾಗ ಸ್ವಚ್ಛ ಮಾಡಿದ ಮೇಲೆಯೇ ಇಳಿಸಿದರು. ಒಂದು ಹಾಳೆ ಪಂಕಕ್ಕೋ ಎಂಜಿನ್ನಿನ ಬಾಯಿಗೋ ಸಿಕ್ಕಿದ್ದರೆ ಕತೆ ಬೇರೆಯೇ ಆಗುತ್ತಿತ್ತು.

ಪಂಕ ತಿರುಗಿಸಿದರೆ ಮೇಲೆ ಹೋಗುತ್ತದೆ ಅನ್ನೋದು ಮನುಷ್ಯನಿಗೆ ಬಹಳ ಹಿಂದೆಯೇ ಗೊತ್ತಿತ್ತು. ಶರಣಬಸವೇಶ್ವರ ಜಾತ್ರೆಯಲ್ಲಿ ಸಿಗುತ್ತದಲ್ಲ, ದಾರ ಎಳೆದರೆ ಜುಂ ಅಂತ ಹಾರಿಹೋಗುವ ಪ್ಲಾಸ್ಟಿಕ್ ಪಂಕ, ಅದರ ಮೂಲ ಚೀನಾದ ಬಿದಿರಿನ ಆಟಿಕೆ. ಎರಡು ಸಾವಿರ ವರ್ಷಕ್ಕೂ ಹಳೆಯದು. ಕಡ್ಡಿಯ ತುದಿಗೆ ಪಂಕ, ಎರಡು ಅಂಗೈ ನಡುವೆ ಉಜ್ಜಿ ಬಿಟ್ಟರೆ ಆಯಿತು. 1480ರ ದಶಕದಲ್ಲಿ ಲಿಯೊನಾರ್ಡೊ ಡಾ ವಿಂಚಿ ತಿರುಪಿನ ಆಕಾರದ ಒಂದು ಯಂತ್ರ ಬರೆದಿಟ್ಟ, ಚಿತ್ರ ಭಾರಿ ಚೆಂದ ಇದೆ, ಎಲ್ಲ ಪುಸ್ತಕದಲ್ಲೂ ಹಾಕುತ್ತಾರೆ. ಆದರೆ ಮನುಷ್ಯರು ತಿರುಗಿಸಿ ಅದು ಏಳುವ ಮಾತೇ ಇಲ್ಲ. 1784ರಲ್ಲಿ ಲೊನ್ವಾ, ಬಿಯೆನ್‌ವೆನ್ಯು ಅಂತ ಇಬ್ಬರು ಫ್ರೆಂಚರು ಟರ್ಕಿ ಕೋಳಿಯ ಗರಿ ಕಟ್ಟಿದ ಸಣ್ಣ ಮಾದರಿ ಹಾರಿಸಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತೋರಿಸಿದರು. 1877ರಲ್ಲಿ ಇಟಲಿಯ ಎನ್ರಿಕೊ ಫೊರ್ಲಾನಿನಿ ಹಬೆ ಎಂಜಿನ್ನಿನ ಮಾದರಿಯೊಂದನ್ನು ಮಿಲಾನ್‌ನಲ್ಲಿ ಹದಿಮೂರು ಮೀಟರ್ ಎತ್ತರಕ್ಕೆ ಕಳಿಸಿದ. ಅದರಲ್ಲಿ ಮನುಷ್ಯ ಕೂರುವ ಹಾಗಿರಲಿಲ್ಲ.

ಇಲ್ಲಿ ನನಗೆ ಬಹಳ ಇಷ್ಟವಾಗುವ ಒಂದು ಸಂಗತಿ ಇದೆ. 1878ರಲ್ಲಿ ಅಮೆರಿಕದ ಒಬ್ಬ ಪಾದ್ರಿ ತನ್ನ ಇಬ್ಬರು ಚಿಕ್ಕ ಮಕ್ಕಳಿಗೆ ರಬ್ಬರ್ ಬ್ಯಾಂಡಿನಿಂದ ಹಾರುವ ಹೆಲಿಕಾಪ್ಟರ್ ಆಟಿಕೆ ತಂದುಕೊಟ್ಟ. ಬಿದಿರು, ಬೆಂಡು, ಕಾಗದ, ಅಷ್ಟೇ. ಹುಡುಗರು ಅದು ಮುರಿಯುವ ತನಕ ಆಡಿ, ಆಮೇಲೆ ತಾವೇ ಮಾಡಿಕೊಂಡರು. ದೊಡ್ಡದು ಮಾಡಿದಷ್ಟೂ ಅದು ಹಾರಲು ಒಲ್ಲೆ ಅಂದಿತು. ಅಳತೆ ಎರಡು ಪಟ್ಟು ಮಾಡಿದರೆ ಶಕ್ತಿ ಎಂಟು ಪಟ್ಟು ಬೇಕು ಅನ್ನೋದು ಅವರಿಗೆ ಆಗ ಗೊತ್ತಿರಲಿಲ್ಲ. ಆ ಹುಡುಗರೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ಮುಂದೆ 1903ರಲ್ಲಿ ಅವರು ಹಾರಿಸಿದ್ದು ವಿಮಾನ, ಹೆಲಿಕಾಪ್ಟರ್ ಗೊಡವೆಗೆ ಅವರು ಹೋಗಲೇ ಇಲ್ಲ. ಜಾಣರು.

ಯಾಕೆಂದರೆ ವಿಮಾನಕ್ಕೆ ನೆಲದ ಮೇಲೆ ಓಡಿ ವೇಗ ಗಳಿಸುವ ಅವಕಾಶ ಇದೆ, ಹನ್ನೆರಡು ಅಶ್ವಶಕ್ತಿಯ ಎಂಜಿನ್ ಇದ್ದರೂ ರೈಟ್ ಸೋದರರು ಹೇಗೋ ಎದ್ದರು. ನಿಂತಲ್ಲಿಂದಲೇ ನೆಟ್ಟಗೆ ಏಳಬೇಕಾದರೆ ಪೂರಾ ತೂಕವನ್ನು ಎಂಜಿನ್ನೇ ಹೊರಬೇಕು. ಹಬೆ ಎಂಜಿನ್ ಸಣ್ಣ ಮಾದರಿಯನ್ನು ಎತ್ತೀತು, ಮನುಷ್ಯನನ್ನು ಹೊರಲಾರದು. ಹಗುರವಾದ ಪೆಟ್ರೋಲ್ ಎಂಜಿನ್ ಬಂದ ಮೇಲೆಯೇ ದಾರಿ ತೆರೆದದ್ದು. 1907ರಲ್ಲಿ ಫ್ರಾನ್ಸಿನಲ್ಲಿ ಒಂದೇ ವರ್ಷದಲ್ಲಿ ಎರಡು ಪ್ರಯತ್ನ ನಡೆದವು. ಬ್ರೆಗೆ ಸೋದರರ ಯಂತ್ರ ಮನುಷ್ಯನನ್ನು ಹೊತ್ತು ಸುಮಾರು ಎರಡು ಅಡಿ ಎದ್ದಿತು. ಆದರೆ ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದುಕೊಂಡು ನಿಂತಿದ್ದರು, ಬಿಟ್ಟರೆ ಮಗುಚಿಕೊಳ್ಳುತ್ತಿತ್ತು. ಅದೇ ನವೆಂಬರ್ 13ರಂದು ಪಾಲ್ ಕಾರ್ನು ಅನ್ನುವ ಸೈಕಲ್ ತಯಾರಕ ಲಿಜ್ಯೂ ಊರಿನ ಹತ್ತಿರ 24 ಅಶ್ವಶಕ್ತಿಯ ಎಂಜಿನ್ ಕಟ್ಟಿ, ಯಾರೂ ಹಿಡಿಯದೆ, ಒಂದು ಅಡಿ ಎತ್ತರದಲ್ಲಿ ಸುಮಾರು ಇಪ್ಪತ್ತು ಸೆಕೆಂಡ್ ನಿಂತ. ಅಷ್ಟು ಕಮ್ಮಿ ಶಕ್ತಿಯಲ್ಲಿ ಅದು ಎದ್ದಿರಲು ಸಾಧ್ಯವೇ ಅಂತ ಆಮೇಲೆ ಲೆಕ್ಕ ಹಾಕಿದವರು ಅನುಮಾನ ಪಟ್ಟಿದ್ದಾರೆ, ಅದೂ ಇರಲಿ. ದುಡ್ಡು ಮುಗಿಯಿತು, ಕಾರ್ನು ಸೈಕಲ್ ಅಂಗಡಿಗೆ ವಾಪಸ್ಸಾದ. 1944ರಲ್ಲಿ ನಾರ್ಮಂಡಿ ಯುದ್ಧದ ಬಾಂಬ್ ದಾಳಿಗೆ ಅದೇ ಲಿಜ್ಯೂನಲ್ಲಿ ಸತ್ತ.

ಎಂಜಿನ್ ಸಿಕ್ಕಿತು, ಎದ್ದಿತು, ಇನ್ನೇನು ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿಂದ ನಿಜವಾದ ಹೆಲಿಕಾಪ್ಟರಿಗೆ ಇನ್ನೂ ಮೂವತ್ತು ವರ್ಷ ಹಿಡಿಯಿತು. ಏಳೋದು ಸುಲಭದ ಭಾಗವಾಗಿತ್ತು. ಎದ್ದ ಮೇಲೆ ಅದು ಹೇಳಿದ ಮಾತು ಕೇಳುತ್ತಿರಲಿಲ್ಲ.

ಮೊದಲನೆಯದು ಗಿರಕಿ. ಎಂಜಿನ್ ಪಂಕವನ್ನು ಒಂದು ಕಡೆ ತಿರುಗಿಸಿದರೆ ಕೆಳಗೆ ಜನ ಕೂರುವ ಡಬ್ಬಿ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಮನೆಯ ಸೀಲಿಂಗ್ ಫ್ಯಾನ್ ಮೇಲಿನ ಕೊಂಡಿಗೆ ಗಟ್ಟಿಯಾಗಿ ಸಿಕ್ಕಿಸಿರುವುದರಿಂದ ಅದರ ಮೋಟರ್ ಸುಮ್ಮನಿರುತ್ತದೆ, ಗಾಳಿಯಲ್ಲಿ ಇರುವ ಯಂತ್ರಕ್ಕೆ ಕೊಂಡಿ ಎಲ್ಲಿಂದ ತರೋದು? ಹಾಗಾಗಿ ಕೆಲವರು ಒಂದರ ಮೇಲೊಂದು ಎರಡು ಪಂಕ ಇಟ್ಟು ಎದುರುಬದುರು ತಿರುಗಿಸಿದರು, ಕೆಲವರು ಅಕ್ಕಪಕ್ಕ ಇಟ್ಟರು. ರಷ್ಯಾದಿಂದ ಅಮೆರಿಕಕ್ಕೆ ಹೋಗಿದ್ದ ಜಾರ್ಜ್ ದ ಬೋಥೆಜಾಟ್ 1922ರಲ್ಲಿ ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಪಂಕ ಇಟ್ಟು ಹಾರಿಸಿದ. ಈಗ ಮದುವೆ ಮನೆಯಲ್ಲಿ ವಿಡಿಯೊದವರು ಬಿಡುವ ಡ್ರೋನ್ ಇದೆಯಲ್ಲ, ನೋಡಲು ಹೆಚ್ಚುಕಡಿಮೆ ಅದೇ ನಮೂನೆ. ಅಮೆರಿಕದ ಸೈನ್ಯ ದುಡ್ಡು ಕೊಟ್ಟಿತ್ತು, ಯಂತ್ರ ಬಹಳ ತೊಡಕಿನದು ಅಂತ ಆಮೇಲೆ ಕೈಬಿಟ್ಟಿತು. 1924ರ ಮೇ ತಿಂಗಳಲ್ಲಿ ಫ್ರಾನ್ಸಿನ ಎಟಿಯೆನ್ ಏಮಿಷೆನ್ ಒಂದು ಕಿಲೊಮೀಟರ್ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದಿಳಿದ. ಆ ಕಾಲಕ್ಕೆ ಅದು ದೊಡ್ಡ ಸುದ್ದಿ.

ಎರಡನೆಯ ತೊಂದರೆ ಇದಕ್ಕಿಂತ ಸೂಕ್ಷ್ಮ, ನನಗಂತೂ ಇಡೀ ಕತೆಯಲ್ಲಿ ಇದೇ ಅತಿ ರುಚಿಯ ಭಾಗ. ನಿಂತಲ್ಲೇ ಇರುವಾಗ ಪಂಕದ ಎಲ್ಲ ರೆಕ್ಕೆಗೂ ಒಂದೇ ಗಾಳಿ. ಮುಂದಕ್ಕೆ ಹೊರಟ ಕೂಡಲೇ ಲೆಕ್ಕ ತಪ್ಪುತ್ತದೆ. ರೆಕ್ಕೆಯ ತುದಿ ಗಂಟೆಗೆ 600 ಕಿಲೊಮೀಟರ್ ವೇಗದಲ್ಲಿ ಸುತ್ತುತ್ತಿದೆ, ಹೆಲಿಕಾಪ್ಟರ್ 200ರಲ್ಲಿ ಮುಂದೆ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಮುಂದಕ್ಕೆ ಬರುವ ಬದಿಯ ರೆಕ್ಕೆಗೆ ಗಾಳಿ 800ರಲ್ಲಿ ಹೊಡೆಯುತ್ತದೆ, ಹಿಂದಕ್ಕೆ ಹೋಗುವ ಬದಿಗೆ ಬರೀ 400. ಗಾಳಿ ಎತ್ತುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಒಂದು ಬದಿಗೆ ಇನ್ನೊಂದರ ನಾಲ್ಕು ಪಟ್ಟು ಬಲ. ಯಂತ್ರ ಪಕ್ಕಕ್ಕೆ ಉರುಳದೆ ಇನ್ನೇನು ಮಾಡೀತು?

ಇದಕ್ಕೆ ಉಪಾಯ ಕಂಡವನು ಸ್ಪೇನಿನ ಹ್ವಾನ್ ದ ಲಾ ಸಿಯೆರ್ವಾ. ಅವನಿಗೆ ಹೆಲಿಕಾಪ್ಟರ್ ಬೇಕಾಗಿರಲೇ ಇಲ್ಲ. 1919ರಲ್ಲಿ ಅವನು ಮಾಡಿದ ಮೂರು ಎಂಜಿನ್ನಿನ ವಿಮಾನ ಕೆಳಗೆ ಹಾರುವಾಗ ವೇಗ ಕಳೆದುಕೊಂಡು ಬಿದ್ದುಹೋಯಿತು. ವೇಗ ಕಮ್ಮಿಯಾದರೂ ಬೀಳದ ವಿಮಾನ ಬೇಕು ಅಂತ ಹಟ ಹಿಡಿದು, ವಿಮಾನದ ರೆಕ್ಕೆಯ ಬದಲು ತಲೆಯ ಮೇಲೆ ತಾನಾಗಿಯೇ ಗಾಳಿಗೆ ತಿರುಗುವ ಪಂಕ ಇಟ್ಟ. ಎಂಜಿನ್ನಿಗೂ ಆ ಪಂಕಕ್ಕೂ ಸಂಬಂಧವಿಲ್ಲ, ಎಂಜಿನ್ ಮುಂದಿನ ಪ್ರೊಪೆಲ್ಲರ್ ಮಾತ್ರ ತಿರುಗಿಸುತ್ತದೆ. ಅದಕ್ಕೆ ಆಟೊಜೈರೊ ಅಂತ ಹೆಸರಿಟ್ಟ. ಮೊದಮೊದಲು ಕಟ್ಟಿದವೆಲ್ಲ ಪಕ್ಕಕ್ಕೆ ಉರುಳಿದವು. ವಿಚಿತ್ರ ಅಂದರೆ ಸಣ್ಣ ಮಾದರಿ ಮಾತ್ರ ಚೆನ್ನಾಗಿ ಹಾರುತ್ತಿತ್ತು. ಯಾಕಿರಬಹುದು ಅಂತ ನೋಡಿದರೆ, ಮಾದರಿಯ ರೆಕ್ಕೆ ಬೆತ್ತದ್ದು, ಬಾಗುತ್ತಿತ್ತು. ದೊಡ್ಡದರ ರೆಕ್ಕೆ ಗಟ್ಟಿ. ಜಾಸ್ತಿ ಗಾಳಿ ಸಿಕ್ಕ ರೆಕ್ಕೆ ಕೊಂಚ ಮೇಲಕ್ಕೆದ್ದು, ಕಮ್ಮಿ ಸಿಕ್ಕಿದ್ದು ಕೊಂಚ ಕೆಳಕ್ಕಿಳಿದು ತಮ್ಮಷ್ಟಕ್ಕೆ ತಾವೇ ಹೊಂದಿಕೊಳ್ಳುತ್ತಿದ್ದವು. ಸರಿ, ದೊಡ್ಡ ರೆಕ್ಕೆಗಳ ಬುಡಕ್ಕೂ ಒಂದೊಂದು ಕೀಲು ಹಾಕಿದ, ಬಾಗಿಲಿಗೆ ಹಾಕುತ್ತಾರಲ್ಲ, ಅದೇ ಕೀಲು. 1923ರ ಜನವರಿಯಲ್ಲಿ ಯಂತ್ರ ನೆಟ್ಟಗೆ ಹಾರಿತು. 1928ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿತು.

ಆ ಒಂದು ಕೀಲು ಇಲ್ಲದಿದ್ದರೆ ಮುಂದಿನವರು ಯಾರೂ ಮುಂದೆ ಹೋಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಪರೀಕ್ಷೆಯಲ್ಲಿ ಸಿಯೆರ್ವಾ ಹೆಸರು ಯಾರೂ ಕೇಳುವುದಿಲ್ಲ. ಬೀಳದ ವಿಮಾನಕ್ಕಾಗಿ ಜೀವ ತೇಯ್ದ ಆ ಮನುಷ್ಯ 1936ರಲ್ಲಿ ಲಂಡನ್ ಹತ್ತಿರದ ಕ್ರಾಯ್ಡನ್‌ನಲ್ಲಿ ಮಾಮೂಲಿ ಪ್ರಯಾಣಿಕ ವಿಮಾನ ಬಿದ್ದು ಸತ್ತ. ಆಗ ಅವನಿಗೆ 41 ವರ್ಷ.

ಈಗ ಸ್ಕೂಟರಿಗೆ ಬರೋಣ. ನಮ್ಮ ಅಪ್ಪನ ಹತ್ತಿರ ಬಜಾಜ್ ಚೇತಕ್ ಇತ್ತು, ಇನ್ನೂ ಇದೆ, ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತಿದೆ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅದನ್ನು ಅಪ್ಪ ಎಡಕ್ಕೋ ಬಲಕ್ಕೋ ವಾಲಿಸಿ, ಒಂದು ನಿಮಿಷ ಹಾಗೇ ಹಿಡಿದು, ಆಮೇಲೆ ಕಿಕ್ ಹೊಡೆಯುತ್ತಿದ್ದರು. ಚೇತಕ್ ಇದ್ದ ಮನೆಯವರಿಗೆಲ್ಲ ಈ ಪೂಜೆ ಗೊತ್ತು. ಬಜಾಜ್‌ನವರು ಮೊದಲು ಇಟಲಿಯ ಪಿಯಾಜಿಯೊ ಕಂಪನಿಯಿಂದ ಲೈಸೆನ್ಸ್ ತಗೊಂಡು ವೆಸ್ಪಾ ಮಾಡುತ್ತಿದ್ದರು, ಅದರ ಬೆನ್ನಿಗೇ 1972ರಲ್ಲಿ ಬಂದದ್ದು ಚೇತಕ್. ಆ ವೆಸ್ಪಾವನ್ನು ರೂಪಿಸಿದವನು ಕೊರಾಡಿನೊ ದಸ್ಕಾನಿಯೊ. ಅವನು ಮೂಲತಃ ಹೆಲಿಕಾಪ್ಟರ್ ಮನುಷ್ಯ.

1930ರ ಅಕ್ಟೋಬರ್‌ನಲ್ಲಿ ರೋಮ್ ಹತ್ತಿರದ ಚಂಪಿನೊ ವಿಮಾನ ನಿಲ್ದಾಣದಲ್ಲಿ ದಸ್ಕಾನಿಯೊನ ಹೆಲಿಕಾಪ್ಟರ್ ಮೂರು ದಾಖಲೆ ಮಾಡಿತು: 18 ಮೀಟರ್ ಎತ್ತರ, 1,078 ಮೀಟರ್ ದೂರ, 8 ನಿಮಿಷ 45 ಸೆಕೆಂಡ್ ಹೊತ್ತು. ಮೇಲೆ ಕೆಳಗೆ ಎದುರುಬದುರು ತಿರುಗುವ ಎರಡು ಪಂಕದ ಯಂತ್ರ ಅದು. ಆದರೆ ದುಡ್ಡು ಹಾಕುವವರು ಸಿಗಲಿಲ್ಲ, ಕಂಪನಿ ಮುಚ್ಚಿತು. ಅವನು ಪಿಯಾಜಿಯೊ ಸೇರಿ ವಿಮಾನದ ಪ್ರೊಪೆಲ್ಲರ್ ಮಾಡಿಕೊಂಡಿದ್ದ. ಯುದ್ಧ ಮುಗಿಯುವಷ್ಟರಲ್ಲಿ ಕಾರ್ಖಾನೆಗೆ ಬಾಂಬ್ ಬಿದ್ದಿತ್ತು, ಸೋತ ಇಟಲಿಗೆ ವಿಮಾನ ಮಾಡುವ ಹಾಗಿರಲಿಲ್ಲ. ಜನರಿಗೆ ಓಡಾಡಲು ಅಗ್ಗದ ಗಾಡಿ ಬೇಕು, ಏನಾದರೂ ಮಾಡು ಅಂತ ಎನ್ರಿಕೊ ಪಿಯಾಜಿಯೊ ಇವನಿಗೆ ಹೇಳಿದ. ದಸ್ಕಾನಿಯೊಗೆ ಮೋಟರ್‌ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಚೈನಿನ ಎಣ್ಣೆ ಬಟ್ಟೆಗೆ ಮೆತ್ತುತ್ತದೆ, ಕಾಲೆತ್ತಿ ಹತ್ತಬೇಕು, ಪಂಕ್ಚರ್ ಆದರೆ ಗಾಲಿ ಬಿಚ್ಚೋದೇ ದೊಡ್ಡ ಗೋಳು. ಅವನು ಚೈನ್ ತೆಗೆದೇಹಾಕಿದ. ಎಂಜಿನ್ನನ್ನು ಹಿಂದಿನ ಗಾಲಿಯ ಪಕ್ಕಕ್ಕೆ ಕೂರಿಸಿ ತಗಡಿನ ಮುಸುಕು ಹಾಕಿದ. ಗೇರ್ ಕೈಗೆ ಕೊಟ್ಟ. ಮುಂದಿನ ಗಾಲಿಯನ್ನು ಒಂದೇ ಬದಿಯ ತೋಳಿನಲ್ಲಿ ಹಿಡಿಸಿದ, ವಿಮಾನದ ಗಾಲಿ ಹಿಡಿಸುತ್ತಾರಲ್ಲ ಹಾಗೆ. 1946ರ ಏಪ್ರಿಲ್‌ನಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹೋಯಿತು.

ಇದನ್ನು ನಮ್ಮ ಓಣಿಯ ಮಿಸ್ತ್ರಿಗೆ ಹೇಳಿದೆ. ಅವನು ಚೇತಕ್ ಬಿಚ್ಚಿ ಜೋಡಿಸುತ್ತಲೇ ತಲೆ ಹಣ್ಣಾದವನು. ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿ, "ಹಂಗಾದ್ರ ಇಷ್ಟ್ ವರ್ಷ ನಾ ಹೆಲಿಕಾಪ್ಟರ್ ಮಂದಿ ಕೆಲ್ಸಾನೇ ಮಾಡೀನೇನ್ರಿ ಸರ?" ಅಂದ. ಆಮೇಲೆ ಮುಂದಿನ ಗಾಲಿಯ ಆ ಒಂಟಿ ತೋಳನ್ನು ಬಟ್ಟೆಯಿಂದ ಒರೆಸಿ, ಬಗ್ಗಿ ಒಂದು ಸಲ ಸರಿಯಾಗಿ ನೋಡಿದ. ದಿನಾ ಬಿಚ್ಚುವ ಸಾಮಾನು ಅದು.

ಇನ್ನೂ ಒಂದು ಮಜಾ ಏನೆಂದರೆ ಎಚ್‌ಎಎಲ್ ಬೆಂಗಳೂರಿನಲ್ಲಿ ಮಾಡುವ ಹೆಲಿಕಾಪ್ಟರಿನ ಹೆಸರೂ ಚೇತಕ್. ಅದು ಫ್ರೆಂಚರ ಅಲೂಯೆಟ್ 3, ಲೈಸೆನ್ಸ್ ಪಡೆದು 1960ರ ದಶಕದಿಂದ ಇಲ್ಲಿ ತಯಾರಾಗುತ್ತಾ ಬಂದಿದೆ. ರಾಣಾ ಪ್ರತಾಪನ ಕುದುರೆಯ ಹೆಸರು ಎರಡಕ್ಕೂ. ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾದ ನಮ್ಮಪ್ಪನಂಥವರಿಗೆ ಹೆಲಿಕಾಪ್ಟರ್ ಚೇತಕ್ ಎಲೆಕ್ಷನ್‌ನಲ್ಲೂ ಸಿಗಲಿಲ್ಲ ಬಿಡಿ, ಅದು ಸೈನ್ಯಕ್ಕೆ.

ಜರ್ಮನಿಯ ಹೆಲಿಕಾಪ್ಟರ್ ಬಗ್ಗೆ ಮೊದಲೇ ಹೇಳಿದ್ದೆ. ಹೆನ್ರಿಕ್ ಫೋಕೆ ಅನ್ನುವವನ ಕಂಪನಿ ಸಿಯೆರ್ವಾನ ಆಟೊಜೈರೊಗಳನ್ನು ಲೈಸೆನ್ಸ್ ಮೇಲೆ ಮಾಡುತ್ತಿತ್ತು, ಅಲ್ಲಿ ಕಲಿತದ್ದನ್ನು ಇಟ್ಟುಕೊಂಡೇ ಅವನು ಎಫ್‌ಡಬ್ಲ್ಯೂ 61 ಕಟ್ಟಿದ. 1936ರ ಜೂನ್ 26ಕ್ಕೆ ಮೊದಲ ಹಾರಾಟ. ಎರಡು ಬದಿಗೆ ಎರಡು ಪಂಕ. ಮುಂದಿನ ವರ್ಷ 2,400 ಮೀಟರ್ ಎತ್ತರ ದಾಟಿತು, ದಸ್ಕಾನಿಯೊನ 18 ಮೀಟರ್ ಎಲ್ಲಿ, ಇದೆಲ್ಲಿ. 1938ರ ಫೆಬ್ರವರಿಯಲ್ಲಿ ಹಾನಾ ರೈಟ್ಶ್ ಎಂಬಾಕೆ ಬರ್ಲಿನ್‌ನ ದೊಡ್ಡ ಸಭಾಂಗಣದ ಒಳಗೇ, ಜನರ ಮುಂದೆ, ಅದನ್ನು ಹಾರಿಸಿ ತೋರಿಸಿದಳು. ಸೂರು ಇರುವ ಜಾಗದಲ್ಲಿ! ನಾಜಿಗಳ ಪ್ರಚಾರಕ್ಕೆ ಮಾಡಿಸಿದ್ದು ಅದು. ಆದರೂ ಆ ಯಂತ್ರ ಎಷ್ಟು ಹಿಡಿತದಲ್ಲಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಸಿಕೋರ್ಸ್ಕಿ. ಹುಟ್ಟಿದ್ದು 1889ರಲ್ಲಿ ಕೀವ್ ನಗರದಲ್ಲಿ. ಹುಡುಗನಿದ್ದಾಗಲೇ, 1909ರಲ್ಲಿ, ಒಂದು ಹೆಲಿಕಾಪ್ಟರ್ ಕಟ್ಟಿದ, ಏಳಲಿಲ್ಲ. ಮರುವರ್ಷ ಇನ್ನೊಂದು ಕಟ್ಟಿದ, ತನ್ನ ತೂಕ ಹೊತ್ತು ಎದ್ದಿತು, ಮನುಷ್ಯ ಕೂತರೆ ಇಲ್ಲ. ಇದಕ್ಕೆ ಇನ್ನೂ ಕಾಲ ಬಂದಿಲ್ಲ ಅಂತ ಪಕ್ಕಕ್ಕಿಟ್ಟು ವಿಮಾನಕ್ಕೆ ಕೈಹಾಕಿದ. 1913ರಲ್ಲಿ ಅವನು ಹಾರಿಸಿದ ನಾಲ್ಕು ಎಂಜಿನ್ನಿನ ವಿಮಾನ ಲೋಕಕ್ಕೇ ಹೊಸದು. ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ ಊರು ಬಿಟ್ಟು 1919ರಲ್ಲಿ ಅಮೆರಿಕಕ್ಕೆ ಹೋದ. 1923ರಲ್ಲಿ ತನ್ನಂತೆಯೇ ನೆಲೆ ಕಳೆದುಕೊಂಡ ರಷ್ಯನ್ನರನ್ನು ಕಟ್ಟಿಕೊಂಡು ಕಂಪನಿ ತೆರೆದ, ದುಡ್ಡಿಗೆ ತತ್ವಾರ. ಆಗ ಸಂಗೀತಗಾರ ರಾಖ್‌ಮಾನಿನೊಫ್ ಐದು ಸಾವಿರ ಡಾಲರ್ ಕೊಟ್ಟು ಕಾಪಾಡಿದ.

1939ರ ಸೆಪ್ಟೆಂಬರ್ 14. ಸಿಕೋರ್ಸ್ಕಿಗೆ ಐವತ್ತು ವರ್ಷ. ಕೋಟು, ತಲೆ ಮೇಲೆ ಹ್ಯಾಟು, ಹಾಗೇ ಬಂದು ವಿಎಸ್-300ರಲ್ಲಿ ಕೂತ. ಕಬ್ಬಿಣದ ಕೊಳವೆಗಳ ಬೋಳು ಚೌಕಟ್ಟು ಅದು, 75 ಅಶ್ವಶಕ್ತಿಯ ಎಂಜಿನ್, ಮೇಲೊಂದು ದೊಡ್ಡ ಪಂಕ, ಬಾಲದಲ್ಲೊಂದು ಸಣ್ಣ ಪಂಕ. ಕೆಳಗೆ ಹಗ್ಗ ಕಟ್ಟಿತ್ತು, ಕೆಲವೇ ಸೆಕೆಂಡ್ ಎದ್ದಿತು. ಹಗ್ಗ ಬಿಚ್ಚಿ ಹಾರಿದ್ದು 1940ರ ಮೇ 13ಕ್ಕೆ. ಆಗಲೂ ಒಂದು ತಮಾಷೆ ಇತ್ತು: ಆ ಯಂತ್ರ ಹಿಂದಕ್ಕೆ ಹೋಗುತ್ತಿತ್ತು, ಪಕ್ಕಕ್ಕೆ ಹೋಗುತ್ತಿತ್ತು, ನೆಟ್ಟಗೆ ಮುಂದಕ್ಕೆ ಹೋಗಲು ಮಾತ್ರ ರಗಳೆ ಮಾಡುತ್ತಿತ್ತು. ಬಾಲಕ್ಕೆ ಮೂರು ಪಂಕ ಹಾಕಿ ನೋಡಿದರು, ತೆಗೆದರು, ಮತ್ತೆ ಬದಲಿಸಿದರು. 1941ರ ಕೊನೆಯ ಹೊತ್ತಿಗೆ, ಪೈಲಟ್ ಕೋಲು ಬಗ್ಗಿಸಿದ ಕಡೆ ಮೇಲಿನ ರೆಕ್ಕೆಗಳು ಪ್ರತಿ ಸುತ್ತಿನಲ್ಲೂ ಕೋನ ಬದಲಿಸಿಕೊಂಡು ಇಡೀ ಯಂತ್ರವನ್ನು ಆ ಕಡೆಗೆ ಎಳೆಯುವಂತೆ ಆದ ಮೇಲೆ, ಬಾಲದ ಒಂದೇ ಪಂಕ ಗಿರಕಿ ತಡೆಯಲು ಸಾಕಾಯಿತು. ಒಂದು ದೊಡ್ಡ ಪಂಕ, ಬಾಲಕ್ಕೊಂದು ಸಣ್ಣದು. ಇವತ್ತು ನಮ್ಮ ತಲೆ ಮೇಲೆ ಹಾರುವ ಬಹುಪಾಲು ಹೆಲಿಕಾಪ್ಟರ್‌ಗಳ ರೂಪ ಇದೇ. ರಷ್ಯಾದ ಬೋರಿಸ್ ಯೂರ್ಯೆವ್ 1912ರ ಸುಮಾರಿಗೇ ಈ ನಕ್ಷೆ ಹಾಕಿದ್ದ, ಸಿಕೋರ್ಸ್ಕಿ ಅದನ್ನು ನೂರಾರು ಸಂಖ್ಯೆಯಲ್ಲಿ ಮಾಡಬಹುದಾದ ಸಾಮಾನಾಗಿ ತಯಾರಿಸಿದ. ಕಂಡುಹಿಡಿದವನು ಅನ್ನೋದಕ್ಕಿಂತ ಕೆಲಸಕ್ಕೆ ಹಚ್ಚಿದವನು ಅಂದರೆ ಸರಿ.

ಕೆಲಸ ಅಂದರೆ ಎಂಥದ್ದು? ಮೊದಲ ದೊಡ್ಡ ಕೆಲಸ ನಮ್ಮ ದೇಶದಿಂದಲೇ ಹೊರಟಿತು. 1944ರ ಏಪ್ರಿಲ್, ಬರ್ಮಾದಲ್ಲಿ ಜಪಾನೀಯರ ಜೊತೆ ಯುದ್ಧ. ಮೂವರು ಗಾಯಾಳು ಬ್ರಿಟಿಷ್ ಸೈನಿಕರನ್ನು ಹೊತ್ತ ಪುಟ್ಟ ವಿಮಾನ ಶತ್ರುಗಳ ಸಾಲಿನ ಹಿಂದೆ ಕಾಡಿನಲ್ಲಿ ಬಿತ್ತು. ಅಸ್ಸಾಮಿನ ಲಾಲಾಘಾಟ್ ನೆಲೆಯಿಂದ ಕಾರ್ಟರ್ ಹಾರ್ಮನ್ ಎಂಬ ಅಮೆರಿಕನ್ ಪೈಲಟ್ ಸಿಕೋರ್ಸ್ಕಿಯ ಆರ್-4 ತಗೊಂಡು ಹೊರಟ. ಸೆಕೆ, ತೆಳು ಗಾಳಿ, ಬಡಪಾಯಿ ಎಂಜಿನ್. ಒಂದು ಸಲಕ್ಕೆ ಒಬ್ಬನನ್ನು ಮಾತ್ರ ಎತ್ತಲು ಸಾಧ್ಯ. ಎಂಜಿನ್ ಕಾದು ನಿಂತಾಗ ಆರುವ ತನಕ ಕಾದು, ಬಿದ್ದ ವಿಮಾನದ ಪೈಲಟ್ ಸೇರಿ ನಾಲ್ಕೂ ಜನರನ್ನು ಒಬ್ಬೊಬ್ಬರಂತೆ ಹೊರಗೆ ತಂದ. ಯುದ್ಧದ ನಡುವೆ ಹೆಲಿಕಾಪ್ಟರ್ ಜೀವ ಉಳಿಸಿದ್ದು ಅದೇ ಮೊದಲು. ಬಿಸಿಲಿಗೂ ಹೆಲಿಕಾಪ್ಟರಿಗೂ ಆಗಿಬರುವುದಿಲ್ಲ ಅನ್ನೋದನ್ನು ಮೇ ತಿಂಗಳಲ್ಲಿ 43 ಡಿಗ್ರಿ ನೋಡುವ ನಮಗೆ ಬಿಡಿಸಿ ಹೇಳಬೇಕಿಲ್ಲ: ಕಾದ ಗಾಳಿ ತೆಳುವಾಗುತ್ತದೆ, ನೂಕಲು ಹಿಡಿತ ಸಿಗುವುದಿಲ್ಲ, ಎಂಜಿನ್ನಿಗೂ ಉಸಿರು ಕಮ್ಮಿ. ಅದೇ ಯಂತ್ರ ಡಿಸೆಂಬರ್‌ನಲ್ಲಿ ಹೊರುವಷ್ಟು ಜನರನ್ನು ಮೇ ತಿಂಗಳಲ್ಲಿ ಹೊರಲಾರದು.

ಆಮೇಲಿನದು ಬೇಗ ಮುಗಿಯುತ್ತದೆ. 1946ರ ಮಾರ್ಚ್‌ನಲ್ಲಿ ಬೆಲ್ 47 ಅನ್ನುವ ಹೆಲಿಕಾಪ್ಟರಿಗೆ ಅಮೆರಿಕದಲ್ಲಿ ನಾಗರಿಕ ಬಳಕೆಯ ಪರವಾನಗಿ ಸಿಕ್ಕಿತು, ಕೊರಿಯಾ ಯುದ್ಧದಲ್ಲಿ ಗಾಯಾಳುಗಳನ್ನು ಅದರ ಎರಡು ಬದಿಗೆ ಸ್ಟ್ರೆಚರ್ ಕಟ್ಟಿ ಸಾಗಿಸಿದರು. ನಮ್ಮ ವಾಯುಪಡೆಗೆ ಮೊದಲ ಹೆಲಿಕಾಪ್ಟರ್ 1954ರಲ್ಲಿ ಬಂತು, ಸಿಕೋರ್ಸ್ಕಿ ಎಸ್-55. 1955ರಲ್ಲಿ ಫ್ರೆಂಚರ ಅಲೂಯೆಟ್ 2 ಟರ್ಬೈನ್ ಎಂಜಿನ್ ಹೊತ್ತು ಹಾರಿತು, ಅಲ್ಲಿಗೆ ಭಾರದ ಪಿಸ್ಟನ್ ಎಂಜಿನ್ನಿನ ಕಾಲ ಮುಗಿಯುತ್ತಾ ಬಂತು. 2009ರ ನೆರೆಯಲ್ಲಿ ಉತ್ತರ ಕರ್ನಾಟಕದ ಊರುಗಳ ಮೇಲೆ ಬಂದು ಊಟದ ಪೊಟ್ಟಣ ಹಾಕಿದ, ಮಾಳಿಗೆ ಮೇಲಿದ್ದವರನ್ನು ಎತ್ತಿಕೊಂಡ ವಾಯುಪಡೆಯ ಹೆಲಿಕಾಪ್ಟರ್‌ಗಳನ್ನು ನೆನೆಸಿಕೊಳ್ಳುವವರು ಯಾದಗಿರಿ ಕಡೆ ಈಗಲೂ ಇದ್ದಾರೆ. ಕೃಷ್ಣೆ ತುಂಬಿ ಸುರಪುರ ತಾಲ್ಲೂಕಿನ ನೀಲಕಂಠರಾಯನ ಗಡ್ಡಿ ದ್ವೀಪವಾದಾಗಲೆಲ್ಲ ರನ್‌ವೇ ಕೇಳದ ಯಂತ್ರದ ಬೆಲೆ ಏನು ಅಂತ ಗೊತ್ತಾಗುತ್ತಿತ್ತು.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ, ಎಂಜಿನ್ ಬಂದ್ ಆದರೆ? ಕಲ್ಲಿನ ಹಾಗೆ ಬೀಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬೀಳಬೇಕಾಗಿಲ್ಲ. ಪೈಲಟ್ ಕೂಡಲೇ ರೆಕ್ಕೆಗಳ ಕೋನ ಇಳಿಸಿದರೆ, ಕೆಳಗೆ ಇಳಿಯುವಾಗ ತಳದಿಂದ ಬರುವ ಗಾಳಿಯೇ ಪಂಕವನ್ನು ತಿರುಗಿಸುತ್ತಾ ಹೋಗುತ್ತದೆ, ಸಿಯೆರ್ವಾನ ಆಟೊಜೈರೊ ನಡೆಯುತ್ತಿದ್ದದ್ದೇ ಹಾಗೆ. ನೆಲದ ಹತ್ತಿರ ಬಂದಾಗ ಕೋನ ಏರಿಸಿ, ಪಂಕದಲ್ಲಿ ಉಳಿದ ವೇಗವನ್ನು ಖರ್ಚು ಮಾಡಿ, ಮೆಲ್ಲಗೆ ಕೂರಿಸಬಹುದು. 1972ರ ಜೂನ್ 21ರಂದು ಜಾನ್ ಬೂಲೆ ಅನ್ನುವ ಫ್ರೆಂಚ್ ಪೈಲಟ್ ಲಾಮಾ ಹೆಲಿಕಾಪ್ಟರನ್ನು 12,442 ಮೀಟರಿಗೆ ಏರಿಸಿದ. ಎವರೆಸ್ಟಿಗಿಂತ ಮೂರೂವರೆ ಕಿಲೊಮೀಟರ್ ಮೇಲೆ. ಅಲ್ಲಿನ ಚಳಿಗೆ ಎಂಜಿನ್ ಆರಿಹೋಯಿತು, ಮತ್ತೆ ಹತ್ತಲಿಲ್ಲ. ಅಷ್ಟೆತ್ತರದಿಂದ ನೆಲದ ತನಕ ಎಂಜಿನ್ ಇಲ್ಲದೆ ಇಳಿದು ಬಂದ. ಆ ಲಾಮಾವನ್ನೇ ಎಚ್‌ಎಎಲ್ 'ಚೀತಾ' ಅಂತ ಮಾಡಿದ್ದು, ಸಿಯಾಚಿನ್‌ನಲ್ಲಿ ನಮ್ಮ ಸೈನಿಕರಿಗೆ ಸಾಮಾನು ಮುಟ್ಟಿಸಿದ್ದು ಅದೇ.

ಚೇತಕ್, ಚೀತಾ ಎರಡಕ್ಕೂ ಈಗ ವಯಸ್ಸಾಗಿದೆ. ಅವುಗಳ ಜಾಗಕ್ಕೆ ಎಚ್‌ಎಎಲ್‌ನವರೇ ರೂಪಿಸಿದ ಹಗುರ ಹೆಲಿಕಾಪ್ಟರ್ ಬರಬೇಕು, ಅದಕ್ಕಾಗಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ಈ ಸಲ ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿಬರಬೇಕು ಅಂತ ಇದ್ದೇನೆ. ಮಿಸ್ತ್ರಿಗೆ ಹೇಳಿದ್ದಕ್ಕೆ, ಅವನಿಗೆ ಚರಿತ್ರೆಗಿರಿತ್ರೆ ಏನೂ ಬೇಡ, ಒಂದೇ ಮಾತು ಕೇಳಿಕೊಂಡು ಬಾ ಅಂದಿದ್ದಾನೆ: "ಆ ರೆಕ್ಕಿ ಬುಡಕ ಕೀಲು ಅದ ಅಂದ್ರಲ್ರಿ, ಅದಕ್ಕ ಯಾವ ಗ್ರೀಸ್ ಹಾಕ್ತಾರ, ಎಷ್ಟು ದಿನಕ್ಕೊಮ್ಮೆ ಹಾಕ್ತಾರ, ಅಷ್ಟು ಕೇಳ್ರಿ ಸರ."